ಕೇಬಲ್ ಬಂತು, ನೆಟ್ ಎಲ್ಲಿ? ಭಾರತ್‌ನೆಟ್ ಖರ್ಚಿನ ಜಗಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ತೊಗರಿಗೆ ಬೆಳೆ ವಿಮೆ ತುಂಬುವುದು, ಇದೇ ಕೆಲಸ. ಬರುವವರಲ್ಲಿ ಅರ್ಧಕ್ಕರ್ಧ ಜನ ಹಳ್ಳಿಯಿಂದ ಬಸ್ ಹತ್ತಿ ಬಂದವರು. "ನಿಮ್ಮೂರ ಪಂಚಾಯಿತಿಯಲ್ಲೇ ಆಗ್ತದಲ್ರೀ ಇದು?" ಅಂದರೆ "ಅಲ್ಲಿ ನೆಟ್ ಇಲ್ರೀ" ಅನ್ನುತ್ತಾರೆ. ಅಷ್ಟರಲ್ಲಿ ಪಕ್ಕದವರು "ಲಕ್ಷ ಕೋಟಿ ಹಾಕ್ಯಾರಂತ, ಎಲ್ಲಿ ಹೋಯ್ತು?" ಅಂತ ಶುರು ಹಚ್ಚುತ್ತಾರೆ. ಆಮೇಲೆ ಕಾಂಗ್ರೆಸ್, ಬಿಜೆಪಿ, ಮಧ್ಯೆ ಒಂದು ಚಹಾ. ಉತ್ತರ ಹೇಳಿ ಹೇಳಿ ಬಾಯಿ ನೋಯಿತು. ಅದಕ್ಕೇ ಬರೆದಿಟ್ಟೆ.

ಭಾರತ್‌ನೆಟ್ ಅಂದರೆ ಏನು?

ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯುವ ಕೇಂದ್ರ ಸರ್ಕಾರದ ಯೋಜನೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಇದರ ಹೆಸರು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ. ಭಾರತ್‌ನೆಟ್ ಅನ್ನುವ ಹೆಸರು ಆಮೇಲೆ ಬಂತು. ಪ್ರತಿ ಪಂಚಾಯಿತಿಗೂ ಕನಿಷ್ಠ 100 ಎಂಬಿಪಿಎಸ್ ವೇಗ ಕೊಡಬೇಕು, ಅಲ್ಲಿಂದ ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಮನೆಗಳಿಗೆ ಯಾರಾದರೂ ಮುಂದೆ ಒಯ್ಯಬೇಕು, ಇದು ಲೆಕ್ಕಾಚಾರ. ಆ "ಯಾರಾದರೂ" ಯಾರು ಅನ್ನುವುದು ಬಹಳ ವರ್ಷ ತೀರ್ಮಾನವೇ ಆಗಲಿಲ್ಲ.

ಖರ್ಚು ಎಷ್ಟು? ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರಲ್ಲ?

ಎಲ್ಲರೂ ಹೇಳುವುದು ಒಂದಲ್ಲ ಒಂದು ಕಾಲದ ನಿಜವೇ. 2011ರಲ್ಲಿ ಸುಮಾರು 20,000 ಕೋಟಿ ರೂಪಾಯಿ ಅಂದರು. 2015ರ ಮಾರ್ಚ್‌ನಲ್ಲಿ, ಯೋಜನೆ ಪರಿಶೀಲಿಸಲು ಸರ್ಕಾರ ನೇಮಿಸಿದ ಜೆ. ಸತ್ಯನಾರಾಯಣ ಸಮಿತಿ ವರದಿ ಕೊಟ್ಟು, ಸರಿಯಾಗಿ ಮಾಡಬೇಕೆಂದರೆ 72,778 ಕೋಟಿ ಬೇಕು ಅಂದಿತು. 2017ರಲ್ಲಿ ಸಂಪುಟ ಒಪ್ಪಿದ್ದು ತೆರಿಗೆ ಬಿಟ್ಟು 42,068 ಕೋಟಿ. 2021ರಲ್ಲಿ ಪಂಚಾಯಿತಿಯಿಂದ ಆಚೆ ಪ್ರತಿ ಊರಿಗೂ ಹೋಗೋಣ ಅಂತ ಅದನ್ನು 61,109 ಕೋಟಿ ಮಾಡಿದರು. 2023ರ ಆಗಸ್ಟ್‌ನಲ್ಲಿ ತಿದ್ದಿದ ಯೋಜನೆಗೆ 1,39,579 ಕೋಟಿ ಒಪ್ಪಿದರು. ಚಹಾದಂಗಡಿಯ "ಲಕ್ಷ ಕೋಟಿ" ಅಂದರೆ ಇದು. ಆದರೆ ಇದು ಒಪ್ಪಿದ ದುಡ್ಡು, ಖರ್ಚಾಗಿ ಮುಗಿದ ದುಡ್ಡಲ್ಲ. ಈ ಎರಡನ್ನೂ ಕಲಸಿಬಿಟ್ಟರೆ ಜಗಳ ಮುಗಿಯುವುದೇ ಇಲ್ಲ.

20 ಸಾವಿರ ಕೋಟಿಯದ್ದು ಏಳು ಪಟ್ಟು ಆಯಿತಲ್ಲ, ಮಧ್ಯದ್ದು ಯಾರು ತಿಂದರು?

ಸರ್ಕಾರಿ ಕಾಮಗಾರಿ ಅಂದ ಮೇಲೆ ಈ ಅನುಮಾನ ಬರುವುದು ತಪ್ಪಲ್ಲ. ಆದರೆ ಮೊದಲು ಭಾಗಾಕಾರ ಮಾಡಿ ನೋಡಿ. 20,000 ಕೋಟಿಯನ್ನು ಎರಡೂವರೆ ಲಕ್ಷ ಪಂಚಾಯಿತಿಗೆ ಹಂಚಿದರೆ ಒಂದಕ್ಕೆ 8 ಲಕ್ಷ ಬರುತ್ತೆ. ಎಂಟು ಲಕ್ಷದಲ್ಲಿ ಕಿಲೋಮೀಟರ್‌ಗಟ್ಟಲೆ ನೆಲ ಅಗೆದು, ಪೈಪ್ ಹಾಕಿ, ಕೇಬಲ್ ಎಳೆದು, ಯಂತ್ರ ಕೂಡಿಸಬೇಕಿತ್ತು. ಬೋರ್‌ವೆಲ್ ಕೊರೆಸಿದವರಿಗೆ ಗೊತ್ತು, ನೆಲದೊಳಗಿನ ಕೆಲಸಕ್ಕೆ ಎಂಟು ಲಕ್ಷ ಎಷ್ಟು ಬೇಗ ಕರಗುತ್ತೆ ಅಂತ. ಸತ್ಯನಾರಾಯಣ ಸಮಿತಿಯ ಅಂಕಿ ಹಂಚಿದರೆ ಒಂದಕ್ಕೆ 29 ಲಕ್ಷ. 2017ರದ್ದು 17 ಲಕ್ಷದ ಹತ್ತಿರ.

ಇನ್ನೊಂದು ಮಾತು. ಮೊದಲ ಲೆಕ್ಕ ಪಂಚಾಯಿತಿ ಕಟ್ಟಡದವರೆಗೆ ಮಾತ್ರ. 2023ರ ಲೆಕ್ಕದಲ್ಲಿ ನಮಗೂ ಬೇಕು ಅಂತ ಕೇಳಿದ ಹಳ್ಳಿಗಳೂ ಇವೆ, ಒಂದೂವರೆ ಕೋಟಿ ಮನೆ ಸಂಪರ್ಕಗಳೂ ಇವೆ, ಹತ್ತು ವರ್ಷ ನೋಡಿಕೊಳ್ಳುವ ಖರ್ಚೂ ಇದೆ. ಬರೀ ಗೋಡೆ ಎಬ್ಬಿಸುವ ದರವನ್ನೂ, ಮನೆ ಕಟ್ಟಿ ಹತ್ತು ವರ್ಷ ಸುಣ್ಣ ಬಳಿದು ಸೋರಿಕೆ ಮುಚ್ಚುವ ದರವನ್ನೂ ಪಕ್ಕಪಕ್ಕ ಇಟ್ಟು "ಏಳು ಪಟ್ಟು" ಅಂದರೆ ಹೇಗೆ? ಹಾಗಂತ ಎಲ್ಲಾ ಪೈಸೆಯೂ ಸರಿಯಾಗಿ ಖರ್ಚಾಗಿದೆ ಅಂತ ನಾನು ಹೇಳುತ್ತಿಲ್ಲ. ಬೇರೆ ಬೇರೆ ಕೆಲಸದ ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕಬೇಡಿ ಅನ್ನುತ್ತಿದ್ದೇನೆ.

ಇದು ನಮ್ಮ ತೆರಿಗೆ ದುಡ್ಡಾ?

ಒಂಥರಾ ಹೌದು, ಆದರೆ ನೀವು ಅಂದುಕೊಂಡ ದಾರಿಯಲ್ಲಿ ಅಲ್ಲ. ಫೋನ್ ಕಂಪನಿಗಳು ಸರ್ಕಾರಕ್ಕೆ ಕಟ್ಟುವ ಲೈಸೆನ್ಸ್ ಶುಲ್ಕದಲ್ಲಿ ಅವರ ಆದಾಯದ ನೂರಕ್ಕೆ 5ರಷ್ಟು ಒಂದು ನಿಧಿಗೆ ಹೋಗುತ್ತೆ. ಹಳ್ಳಿಗಳಿಗೆ ಫೋನು, ನೆಟ್ ಒಯ್ಯಲಿಕ್ಕಂತಲೇ 2002ರಲ್ಲಿ ಶುರುವಾದ ನಿಧಿ ಅದು. ಈಗ ಡಿಜಿಟಲ್ ಭಾರತ್ ನಿಧಿ ಅನ್ನುತ್ತಾರೆ. ಕಂಪನಿ ತನ್ನ ಕಿಸೆಯಿಂದ ಕೊಡುತ್ತಾ? ನಮ್ಮ ರೀಚಾರ್ಜಿನಿಂದಲೇ ಕೊಡುತ್ತೆ. ಅಫಜಲಪುರದ ಕುರಿ ಕಾಯುವ ಹುಡುಗನೂ ಪ್ರತಿ ರೀಚಾರ್ಜಿನಲ್ಲಿ ಈ ಕೇಬಲ್ಲಿಗೆ ಪಾಲು ಕೊಟ್ಟಿದ್ದಾನೆ. ಅದಕ್ಕೇ "ಕೇಂದ್ರ ಕೊಟ್ಟಿತು" ಅಂತ ಒಬ್ಬರು, "ನಾವು ತಂದೆವು" ಅಂತ ಇನ್ನೊಬ್ಬರು ಬ್ಯಾನರ್ ಕಟ್ಟಿದಾಗ ನನಗೆ ನಗು ಬರುತ್ತೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಶುರು ಮಾಡಿದ್ದು ಯಾರು? ಕಾಂಗ್ರೆಸ್ಸಾ, ಬಿಜೆಪಿಯಾ?

ಶುರು ಮಾಡಿದ್ದು ಯುಪಿಎ, ಹೆಚ್ಚಿನ ಕೇಬಲ್ ಹಾಕಿದ್ದು ಎನ್‌ಡಿಎ, ಹೇಳಿದ ದಿನಕ್ಕೆ ಮುಗಿಸಿದವರು ಯಾರೂ ಇಲ್ಲ. 2011ರಲ್ಲಿ ಹೇಳಿದ್ದು ಎರಡೇ ವರ್ಷ. 2014ರ ಹೊತ್ತಿಗೆ ಪ್ರಯೋಗಕ್ಕೆ ತೆಗೆದುಕೊಂಡ ಮೂರು ಬ್ಲಾಕುಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಆಗಿರಲಿಲ್ಲ. ಅವು ಇದ್ದದ್ದು ರಾಜಸ್ಥಾನ, ಆಂಧ್ರ, ತ್ರಿಪುರದಲ್ಲಿ. ಒಂದು ಲಕ್ಷ ಪಂಚಾಯಿತಿಯ ಮೊದಲ ಹಂತ ಮುಗಿಯಿತು ಅಂತ ಸಾರಿದ್ದು 2017ರ ಡಿಸೆಂಬರ್‌ನಲ್ಲಿ.

2020ರ ಆಗಸ್ಟ್ 15ರಂದು ಪ್ರಧಾನಿ ಮೋದಿ ಕೆಂಪುಕೋಟೆಯ ಮೇಲಿಂದ, 2014ಕ್ಕೆ ಮುಂಚೆ ಐದು ಡಜನ್ ಪಂಚಾಯಿತಿಗೆ ಮಾತ್ರ ಫೈಬರ್ ಇತ್ತು, ನಾವು ಒಂದೂವರೆ ಲಕ್ಷ ಮಾಡಿದೆವು ಅಂದರು. ಮುಂದಿನ ಸಾವಿರ ದಿನದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಹಳ್ಳಿಗಳಿಗೆ ಒಯ್ಯುತ್ತೇವೆ ಅಂತಲೂ ಹೇಳಿದರು. ಸಾವಿರ ದಿನ ಎಣಿಸಿದರೆ 2023ರ ಮೇ ಬರುತ್ತೆ. ಆ ಮೇ ದಾಟಿ ಮೂರು ತಿಂಗಳಿಗೆ ಸಂಪುಟ ಹೊಸದಾಗಿ 1.39 ಲಕ್ಷ ಕೋಟಿಯ ಯೋಜನೆ ಒಪ್ಪಿತು. ಆಗಲೂ ಸುಮಾರು 42,000 ಪಂಚಾಯಿತಿ ಬಾಕಿ ಅಂತ ಅದರಲ್ಲೇ ಇತ್ತು.

ನಮ್ಮ ಕಡೆ ಈ ಜಗಳಕ್ಕೆ ಸ್ವಲ್ಪ ಖಾರ ಜಾಸ್ತಿ. 2009ರಿಂದ 2019ರವರೆಗೆ ಕಲಬುರಗಿ ಸಂಸದರು ಮಲ್ಲಿಕಾರ್ಜುನ ಖರ್ಗೆ, ಯೋಜನೆ ಹುಟ್ಟಿದಾಗ ಕೇಂದ್ರ ಸಚಿವರು. ಬೀದರ್ ಸಂಸದರಾಗಿದ್ದ ಭಗವಂತ ಖೂಬಾ ಮೋದಿ ಸರ್ಕಾರದಲ್ಲಿ ಸಚಿವರಾಗಿದ್ದರು. 2023ರಲ್ಲಿ ರಾಜ್ಯದ ಪಂಚಾಯತ್ ರಾಜ್ ಮತ್ತು ಐಟಿ ಖಾತೆ ಎರಡೂ ಸಿಕ್ಕಿದ್ದು ಚಿತ್ತಾಪುರದ ಪ್ರಿಯಾಂಕ್ ಖರ್ಗೆಯವರಿಗೆ. ದೂರಸಂಪರ್ಕ ಖಾತೆ ಇವರಲ್ಲಿ ಯಾರ ಕೈಯಲ್ಲೂ ಇರಲಿಲ್ಲ, ಅದು ಬೇರೆ ಮಾತು. ಆದರೂ "ನಮ್ಮವರು ಮಾಡಿದ್ದು", "ನಿಮ್ಮವರು ಕೆಡಿಸಿದ್ದು" ಅನ್ನಲು ಎಲ್ಲರಿಗೂ ಒಂದೊಂದು ಹೆಸರು ಸಿಗುತ್ತೆ.

ನೆಲ ಅಗೆಯೋದಕ್ಕೆ ಅಷ್ಟೊಂದು ಖರ್ಚಾ?

ಕೇಬಲ್ ಅಗ್ಗ, ಗುಂಡಿ ದುಬಾರಿ. ಈ ಯೋಜನೆಯಲ್ಲಿ ಸಾಮಾನ್ಯವಾಗಿ 24 ಎಳೆಯ ಫೈಬರ್ ಹಾಕುತ್ತಾರೆ. ಅದು ಪ್ಲಾಸ್ಟಿಕ್ ಡಕ್ಟ್ ಒಳಗೆ, 1.65 ಮೀಟರ್ ಆಳದಲ್ಲಿ ಹೋಗಬೇಕು. ಅಂದರೆ ಹೆಚ್ಚುಕಡಿಮೆ ಆಳೆತ್ತರ. ಮೈಲುಗಟ್ಟಲೆ ಆಳೆತ್ತರದ ಗುಂಡಿ ತೋಡಬೇಕು.

ಈಗ ನಮ್ಮ ನೆಲ ನೋಡಿ. ಜೇವರ್ಗಿ, ಅಫಜಲಪುರದ ಎರೆಮಣ್ಣು ಅಗೆಯಲಿಕ್ಕೆ ಸುಲಭ, ಬೆಣ್ಣೆ ಹಾಗೆ. ಆದರೆ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತೆ. ಸರಿಯಾಗಿ ಮುಚ್ಚದ ಡಕ್ಟ್ ನಾಲ್ಕು ವರ್ಷದಲ್ಲಿ ಎಲ್ಲಿಂದ ಎಲ್ಲಿಗೋ ಸರಿದಿರುತ್ತೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಹೋದರೆ ಒಂದೆರಡು ಅಡಿ ಕೆಳಗೇ ಸುಣ್ಣದಕಲ್ಲಿನ ಪದರ. ನಮ್ಮ ಮನೆಗಳಿಗೆ ಹಾಸುಗಲ್ಲು ಕೊಟ್ಟ ಅದೇ ಶಹಾಬಾದ್ ಕಲ್ಲು ಗುತ್ತಿಗೆದಾರನ ಬ್ರೇಕರ್ ಹಲ್ಲು ಮುರಿಯುತ್ತೆ. ಯಾದಗಿರಿ ಕಡೆ ಗ್ರಾನೈಟ್. ಬೀದರಿನಲ್ಲಿ ಕೆಂಪು ಮುರಕಲ್ಲು. ದೆಹಲಿಯಲ್ಲಿ ಕೂತು ಮೀಟರಿಗೆ ಇಷ್ಟು ಅಂತ ದರ ಹಾಕಿದವರು ಈ ನಾಲ್ಕು ನೆಲದ ಮೇಲೂ ನಡೆದಿರಲಿಕ್ಕಿಲ್ಲ. ದರ ಸಾಲದಾದಾಗ ಗುತ್ತಿಗೆದಾರ ಏನು ಮಾಡುತ್ತಾನೆ? ಆಳ ಕಡಿಮೆ ಮಾಡುತ್ತಾನೆ. ನಮ್ಮೂರ ಹೊರಗೆ ಕಲ್ಲು ಬಂದ ಜಾಗದಲ್ಲಿ ಮೊಣಕಾಲುದ್ದವೂ ಇಲ್ಲದ ಗುಂಡಿಯಲ್ಲಿ ಪೈಪ್ ಮಲಗಿಸಿ ಮಣ್ಣು ಎಳೆದದ್ದನ್ನು ನಾನೇ ನಿಂತು ನೋಡಿದ್ದೇನೆ. ಆ ದಿನ ದುಡ್ಡು ಉಳಿಯಿತು. ಮುಂದಿನ ಮಳೆಗಾಲಕ್ಕೆ ಪೈಪ್ ಮೇಲೆ ಬಂತು.

ಪಟ್ಟಿಯಲ್ಲಿ ನಮ್ಮ ಪಂಚಾಯಿತಿ "ಸೇವೆಗೆ ಸಿದ್ಧ" ಅಂತಿದೆ. ಮತ್ತೆ ನೆಟ್ ಯಾಕಿಲ್ಲ?

ಈ ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಇದೊಂದೇ. ದೇಶದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಪಂಚಾಯಿತಿಗಳು "ಸೇವೆಗೆ ಸಿದ್ಧ" ಅಂತ ಸರ್ಕಾರದ ಲೆಕ್ಕ. ಸಿದ್ಧ ಅಂದರೆ ಕೇಬಲ್ ಬಂತು, ಯಂತ್ರ ಕೂತಿತು, ಒಮ್ಮೆ ಲೈಟ್ ಹತ್ತಿತು, ಅಧಿಕಾರಿ ಸಹಿ ಹಾಕಿದರು. ಇವತ್ತು ಹತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅಡುಗೆ ಸಿದ್ಧ ಅಂತ ಬೋರ್ಡ್ ಹಾಕಿದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳೇ ಇಲ್ಲದಿದ್ದರೆ ಹೇಗೋ ಹಾಗೆ.

ಕೆಡಲು ಕಾರಣ ಒಂದಲ್ಲ. ಮೊದಲ ವಿನ್ಯಾಸ ಮರದ ಕೊಂಬೆಯ ಹಾಗಿತ್ತು. ಕೊಂಬೆ ಎಲ್ಲಿ ಮುರಿದರೂ ಅದರ ಮುಂದಿನ ಎಲೆಗಳೆಲ್ಲಾ ಒಣಗುತ್ತವೆ. ದುಡ್ಡು ಉಳಿಸಲು ತಾಲ್ಲೂಕು ಕೇಂದ್ರದ ಕಡೆ ಮೊದಲೇ ಇದ್ದ ಹಳೆಯ ಕೇಬಲ್ ಬಳಸಿದ್ದರು. ಹೊಸದು ಚೆನ್ನಾಗಿದ್ದು ಹಳೆಯದು ಕೈಕೊಟ್ಟ ಕಡೆಗಳು ಬೇಕಾದಷ್ಟು. ಪಂಚಾಯಿತಿಯಲ್ಲಿ ಕರೆಂಟ್ ಹೋದರೆ ಬ್ಯಾಟರಿ ಬೇಕು, ಬ್ಯಾಟರಿ ಸತ್ತರೆ ಬದಲಿಸಬೇಕು. ಯಾರು ಬದಲಿಸಬೇಕು? ಯೋಜನೆಯ ಮಾಲೀಕ ಆಗ ಭಾರತ್ ಬ್ರಾಡ್‌ಬ್ಯಾಂಡ್ ನಿಗಮ, ಅದಕ್ಕಂತಲೇ 2012ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ. ನಮ್ಮ ರಾಜ್ಯದಲ್ಲಿ ಕೇಬಲ್ ಹಾಕಿದ್ದು ಬಹುಮಟ್ಟಿಗೆ ಬಿಎಸ್‌ಎನ್‌ಎಲ್. ಯಂತ್ರ ಕೂತದ್ದು ಪಂಚಾಯಿತಿ ಕಟ್ಟಡದಲ್ಲಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. 2022ರಲ್ಲಿ ಆ ನಿಗಮವನ್ನು ಬಿಎಸ್‌ಎನ್‌ಎಲ್ ಜೊತೆ ಸೇರಿಸಲು ಸಂಪುಟ ತೀರ್ಮಾನಿಸಿತು.

ನಮ್ಮೂರ ಪಂಚಾಯಿತಿಯಲ್ಲಿ ಆ ಪೆಟ್ಟಿಗೆ ಬೀರುವಿನ ಪಕ್ಕ ಇತ್ತು. ಒಂದಿನ ಹೋದಾಗ ಅದರ ಮೇಲೆ ಗಣೇಶ ಹಬ್ಬದ ಸೀರಿಯಲ್ ಲೈಟಿನ ಗಂಟು ಇಟ್ಟಿದ್ದರು. ಪೆಟ್ಟಿಗೆಯ ಪ್ಲಗ್ ತೆಗೆದು ಅಲ್ಲಿ ಟೇಬಲ್ ಫ್ಯಾನ್ ಹಾಕಿದ್ದರು. ಕೇಳಿದರೆ "ಅದು ಮೇಲಿನವ್ರದ್ರೀ, ನಮಗೆ ಸಂಬಂಧ ಇಲ್ಲ" ಅಂದರು. ಸುಮ್ನೆ ಸಿಬ್ಬಂದಿಯನ್ನು ಬೈದರೆ ಏನು ಬಂತು? ಅದು ತಮ್ಮದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬೀದರಿನ ನೌಬಾದ್ ಕರೇಜ್ ನೋಡಿದ್ದೀರಾ? ಬಹಮನಿ ಕಾಲದಲ್ಲಿ ಮುರಕಲ್ಲು ಕೊರೆದು ಮಾಡಿದ ನೀರಿನ ಸುರಂಗ. ಅದರ ದಾರಿಯುದ್ದಕ್ಕೂ ಮೇಲಿಂದ ಬಾವಿಯಂಥ ಕಿಂಡಿಗಳಿವೆ. ಗಾಳಿ ಬೆಳಕಿಗೂ ಆಯಿತು, ಇಳಿದು ಹೂಳು ತೆಗೆಯಲಿಕ್ಕೂ ಆಯಿತು. ನೆಲದೊಳಗೆ ಏನಾದರೂ ಹಾಕಿದರೆ ಅದಕ್ಕೆ ಇಳಿದು ನೋಡುವವನೊಬ್ಬ ಬೇಕು ಅನ್ನುವುದು ಆರುನೂರು ವರ್ಷದ ಹಿಂದೆಯೇ ನಮ್ಮ ಪಕ್ಕದ ಜಿಲ್ಲೆಯಲ್ಲಿ ಗೊತ್ತಿತ್ತು. 2011ರ 20,000 ಕೋಟಿ ಅಂದಾಜಿನಲ್ಲಿ ಆ ಕಿಂಡಿ ಇರಲಿಲ್ಲ.

ಕೇಬಲ್ ಕತ್ತರಿಸುವವರು ಯಾರು? ಕಳ್ಳರಾ?

ಬಹುಪಾಲು ನಾವೇ. ರಸ್ತೆ ಅಗಲ ಮಾಡುವ ಜೆಸಿಬಿ, ಚರಂಡಿ, ನೀರಿನ ಪೈಪ್. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ಊರೂರಲ್ಲಿ ಅಗೆತ. ಒಂದು ಸರ್ಕಾರಿ ಯೋಜನೆಯ ಹಲ್ಲು ಇನ್ನೊಂದು ಸರ್ಕಾರಿ ಯೋಜನೆಯ ಕುತ್ತಿಗೆಗೆ. ಅಗೆಯುವ ಮುಂಚೆ ತಿಳಿಸಲಿ ಅಂತ 2023ರ ಮಾರ್ಚ್‌ನಲ್ಲಿ ಕೇಂದ್ರ ಒಂದು ಆ್ಯಪ್ ಬಿಟ್ಟಿತು. ಜೆಸಿಬಿ ಓಡಿಸುವವರಲ್ಲಿ ಎಷ್ಟು ಜನ ಅದನ್ನು ತೆರೆದು ನೋಡುತ್ತಾರೆ ಅಂತ ನೀವೇ ಒಬ್ಬರನ್ನು ಕೇಳಿ ನೋಡಿ.

ಖಾಸಗಿಯವರಿಗೆ ಕೊಟ್ಟಿದ್ದರೆ ಅಗ್ಗ ಆಗುತ್ತಿರಲಿಲ್ವಾ?

ಕೊಡಲು ನೋಡಿದರು. 2021ರ ಜೂನ್‌ನಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಿಗೆ ಖಾಸಗಿ ಪಾಲುದಾರಿಕೆಯ ಟೆಂಡರ್‌ಗೆ ಒಪ್ಪಿಗೆ ಸಿಕ್ಕಿತು. ನಷ್ಟ ತುಂಬಿಕೊಡಲು ಸರ್ಕಾರ 19,041 ಕೋಟಿ ಇಟ್ಟಿತ್ತು. ಒಂದೂ ಕಂಪನಿ ಗಟ್ಟಿಯಾಗಿ ಮುಂದೆ ಬರಲಿಲ್ಲ, ಟೆಂಡರ್ ಬಿದ್ದುಹೋಯಿತು. ಕಲಬುರಗಿ ನಗರದಲ್ಲಿ ಕನೆಕ್ಷನ್ ಕೊಡಲು ಮೂರು ಕಂಪನಿಯ ಹುಡುಗರು ಬಾಗಿಲು ಬಡಿಯುತ್ತಾರೆ. ಚಿಂಚೋಳಿಯ ತಾಂಡಾಗಳಿಗೆ ಬಡಿಯಲು ಯಾರೂ ಬರುವುದಿಲ್ಲ. ಲಾಭ ಇದ್ದಿದ್ದರೆ ಈ ಯೋಜನೆಯೇ ಬೇಕಿರಲಿಲ್ಲ, ಅಲ್ವಾ?

ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಇನ್ನೂ ಫೈಬರ್ ಯಾಕೆ?

ಒಳ್ಳೆಯ ಪ್ರಶ್ನೆ. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ದರ ನೆಲಕ್ಕೆ ಬಿತ್ತು, ಪಂಚಾಯಿತಿ ವೈಫೈ ಹುಡುಕಿಕೊಂಡು ಹೋಗುವವರು ಕಡಿಮೆಯಾದರು. ಯೋಜನೆ ತಡ ಆಗಿದ್ದರ ನಿಜವಾದ ಬೆಲೆ ಇದು. ಆದರೆ ಟವರ್‌ಗೂ ಹಿಂದಿನಿಂದ ಒಂದು ದಾರಿ ಬೇಕು. ಫೈಬರ್ ಇಲ್ಲದ ಟವರ್ ಅಂದರೆ ದೊಡ್ಡ ನಲ್ಲಿ, ಸಣ್ಣ ಪೈಪ್. ಸಂಜೆ ಎಲ್ಲರೂ ವಿಡಿಯೋ ಹಾಕಿದಾಗ ಸುತ್ತುತ್ತಾ ನಿಲ್ಲುತ್ತದಲ್ಲ, ಅದರ ಒಂದು ಕಾರಣ ಇದೇ.

ಈಗ ಸರ್ಕಾರವೇ ನೆಟ್ ಇಲ್ಲದೆ ನಡೆಯುವುದಿಲ್ಲ. ಇ-ಸ್ವತ್ತು ನೆಟ್ಟಿನಲ್ಲಿ, ರೇಷನ್‌ಗೆ ಹೆಬ್ಬೆಟ್ಟು ನೆಟ್ಟಿನಲ್ಲಿ. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಹಾಜರಿಯನ್ನೂ ಆ್ಯಪ್‌ನಲ್ಲೇ ಹಾಕಬೇಕು ಅಂದರು. ಬಿಸಿಲಲ್ಲಿ ದುಡಿದು ಸಿಗ್ನಲ್ ಇಲ್ಲದ್ದಕ್ಕೆ ಹಾಜರಿ ಹೋದ ಹೆಣ್ಣುಮಕ್ಕಳು ನನ್ನ ಅಂಗಡಿಗೂ ಬಂದಿದ್ದಾರೆ. ಹಕ್ಕನ್ನು ನೆಟ್ಟಿಗೆ ಕಟ್ಟಿದ ಮೇಲೆ ನೆಟ್ ಕೊಡುವ ಖರ್ಚಿಗೆ ಲೆಕ್ಕ ಹಾಕುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಉಪಗ್ರಹದಿಂದ ತರಬಹುದಲ್ಲ?

ಬೆಟ್ಟಗುಡ್ಡ, ದ್ವೀಪಗಳಿಗೆ ಸರಿ. ಸ್ಟಾರ್‌ಲಿಂಕ್‌ಗೆ 2025ರಲ್ಲಿ ಇಲ್ಲಿ ಲೈಸೆನ್ಸ್ ಸಿಕ್ಕಿದೆ. ಆದರೆ ಬಯಲುಸೀಮೆಯ ದೊಡ್ಡ ಊರಿನ ಎಲ್ಲಾ ಮನೆಗೂ ಆಕಾಶದಿಂದ ನೆಟ್ ಇಳಿಸುವುದು ಅಗ್ಗದ ದಾರಿಯಲ್ಲ.

ಈ ದುಡ್ಡನ್ನು ನೀರು, ರಸ್ತೆಗೆ ಹಾಕಬಾರದಿತ್ತಾ?

ಜಲ ಜೀವನ್ ಮಿಷನ್‌ಗೆ 2019ರಲ್ಲಿ ಇಟ್ಟ ಲೆಕ್ಕ 3.60 ಲಕ್ಷ ಕೋಟಿ. ಅದರ ಮುಂದೆ ಭಾರತ್‌ನೆಟ್ ಅರ್ಧಕ್ಕಿಂತ ಕಡಿಮೆ. 1,39,579 ಕೋಟಿಯನ್ನು 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಸುಮಾರು ಸಾವಿರ ರೂಪಾಯಿ. ಕಟ್ಟಲು ಮೂರು ವರ್ಷ, ನೋಡಿಕೊಳ್ಳಲು ಹತ್ತು ವರ್ಷ ಅಂತ ಹಿಡಿದರೆ ವರ್ಷಕ್ಕೆ 80 ರೂಪಾಯಿಯೂ ಇಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಇಬ್ಬರು ಸುಸಲಾ, ಮಿರ್ಚಿ ತಿಂದು ಚಹಾ ಕುಡಿದರೆ ಮುಗಿಯುವ ದುಡ್ಡು.

ನಮ್ಮಲ್ಲಿ ಇನ್ನೊಂದು ಕಿಸೆಯೂ ಇದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗೆ ಅಭಿವೃದ್ಧಿ ಮಂಡಳಿ ಇದೆ, 2023-24 ಮತ್ತು 2024-25ರ ರಾಜ್ಯ ಬಜೆಟ್‌ಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ಘೋಷಿಸಿದರು. ಆ ದುಡ್ಡಿನ ಸಣ್ಣದೊಂದು ಚೂರಿನಲ್ಲಿ ಪಂಚಾಯಿತಿಗಳ ಬ್ಯಾಟರಿ ಬದಲಿಸಿ, ಹೋಬಳಿಗೊಬ್ಬ ಕೇಬಲ್ ಜಾಯಿಂಟ್ ಮಾಡುವ ಹುಡುಗನನ್ನು ಇಡಬಹುದು. ಆದರೆ ಬ್ಯಾಟರಿಗೆ ಶಂಕುಸ್ಥಾಪನೆ ಮಾಡಲಾಗುವುದಿಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸಲಾಗುವುದಿಲ್ಲ.

ಬೇರೆ ದೇಶಗಳಲ್ಲೂ ಹೀಗೇ ಜಗಳ ಇದೆಯಾ?

ಆಸ್ಟ್ರೇಲಿಯಾದ್ದು ಕೇಳಿ. 2009ರಲ್ಲಿ ಕೆವಿನ್ ರಡ್ ಅವರ ಲೇಬರ್ ಸರ್ಕಾರ 4,300 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ಖರ್ಚು ಮಾಡಿ ಹೆಚ್ಚಿನ ಮನೆಗಳಿಗೆ ಫೈಬರ್ ಎಳೆಯುತ್ತೇವೆ ಅಂದಿತು. ವಿರೋಧ ಪಕ್ಷ ಇಷ್ಟು ದುಂದು ಯಾಕೆ, ಹಳೆಯ ತಾಮ್ರದ ತಂತಿ ಬಳಸಿ 2,950 ಕೋಟಿಯಲ್ಲಿ ಮುಗಿಸುತ್ತೇವೆ ಅಂದಿತು. 2013ರಲ್ಲಿ ಅವರೇ ಗೆದ್ದರು. ಕೊನೆಗೆ ಬಿಲ್ 5,000 ಕೋಟಿ ಡಾಲರ್ ಮುಟ್ಟಿತು. 2020ರಲ್ಲಿ ಅದೇ ಮೈತ್ರಿಕೂಟದ ಸರ್ಕಾರ ತಾಮ್ರದ ಜಾಗದಲ್ಲಿ ಫೈಬರ್ ಹಾಕಲು ಮತ್ತೆ ದುಡ್ಡು ತೆಗೆಯಿತು. ಮೊಣಕಾಲುದ್ದದ ಗುಂಡಿಯನ್ನು ಅವರು ದೇಶದಗಲಕ್ಕೆ ತೋಡಿದರು, ಅಷ್ಟೇ.

ಹೊಸ ಯೋಜನೆಯಲ್ಲಿ ಏನು ಬದಲಾಗಿದೆ?

ಕೊಂಬೆಯ ಬದಲು ಉಡಿದಾರದ ಹಾಗೆ ಸುತ್ತು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ನೆಟ್ ಬರಬೇಕು. ಕಟ್ಟಿದ ಗುತ್ತಿಗೆದಾರನೇ ಹತ್ತು ವರ್ಷ ನೋಡಿಕೊಳ್ಳಬೇಕು. ಮೇಲುಸ್ತುವಾರಿ ಬಿಎಸ್‌ಎನ್‌ಎಲ್‌ದು. ಮನೆ ಕನೆಕ್ಷನ್ ಕೊಡಲು ಊರಿನ ಹುಡುಗರನ್ನೇ ಹಿಡಿಯುತ್ತಾರೆ, ಬಂದ ದುಡ್ಡಿನಲ್ಲಿ ಅರ್ಧರ್ಧ ಪಾಲು. 2023ರಲ್ಲಿ ಪ್ರಯೋಗ ಮಾಡಿದ ಕಡೆ ತಿಂಗಳ ಪ್ಲಾನ್ 399 ರೂಪಾಯಿಯಿಂದ ಶುರುವಿತ್ತು. ಊರಿನ ಹುಡುಗನ ಹೊಟ್ಟೆ ಆ ಕೇಬಲ್ಲಿನ ಮೇಲೆ ನಿಂತರೆ ಕಡಿದ ದಿನವೇ ಓಡಿಬರುತ್ತಾನೆ. ಈ ಒಂದು ಬದಲಾವಣೆ ನನಗೆ ಹಿಡಿಸಿತು.

ನೀವು ಯಾವ ಪಕ್ಷ?

ಕರೆಂಟ್ ಇದ್ದರೆ ಎಲ್ಲರ ಪಕ್ಷ.

ನಾನು ಯಾರನ್ನು ಏನಂತ ಕೇಳಲಿ?

ಎಷ್ಟು ಕೋಟಿ ಖರ್ಚಾಯಿತು ಅಂತ ಕೇಳಬೇಡಿ, ದೊಡ್ಡ ಅಂಕಿಯ ಕಾಗದವೊಂದು ಬರುತ್ತೆ, ಅಷ್ಟೇ. ಗ್ರಾಮಸಭೆಯಲ್ಲಿ ಪಿಡಿಓ ಅವರನ್ನು, ಮಾಹಿತಿ ಹಕ್ಕಿನಲ್ಲಿ ಬಿಎಸ್‌ಎನ್‌ಎಲ್ ಅನ್ನು ಕೇಳಿ. ಬಿಎಸ್‌ಎನ್‌ಎಲ್‌ಗೆ ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ಪಂಚಾಯಿತಿಯಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಸಂಪರ್ಕ ಎಷ್ಟು ದಿನ ಇತ್ತು? ಎಷ್ಟು ಸಲ ಕಡಿಯಿತು, ಪ್ರತಿ ಸಲ ಸರಿಮಾಡಲು ಎಷ್ಟು ದಿನ ಹಿಡಿಯಿತು? ಬ್ಯಾಟರಿ ಬದಲಿಸಿದ್ದು ಯಾವಾಗ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು? ಅರ್ಜಿ ಬರೆಯಲು ಬರದಿದ್ದರೆ ಅಂಗಡಿಗೆ ಬನ್ನಿ, ಟೈಪ್ ಮಾಡಿಕೊಡುತ್ತೇನೆ. ಬರುವಾಗ ಪಂಚಾಯಿತಿಯ ಆ ಪೆಟ್ಟಿಗೆಯ ಒಂದು ಫೋಟೋ ತೆಗೆದುಕೊಂಡು ಬನ್ನಿ, ಮೇಲೆ ಏನೇ ಇಟ್ಟಿದ್ದರೂ ಪರವಾಗಿಲ್ಲ.